ಹಿತ್ತಲಿನ ತರಕಾರಿಗೆ ಜಿಂಕೆ ಕಾಟ, ಎಂಥ ಬೇಲಿ ಹಾಕಲಿ?

ಹಿತ್ಲಗಿಡ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮೂರು ಹೊಸನಗರ ತಾಲ್ಲೂಕು, ಮನೆ ಹಿಂದೆಯೇ ಕಾಡು. ಬೆಂಗಳೂರು ಬಿಟ್ಟು ಬಂದ ಮೇಲೆ ಇದು ನನ್ನ ಎರಡನೇ ಮಳೆಗಾಲ. ಎರಡು ಗುಂಟೆ ಜಾಗದಲ್ಲಿ ಬೆಂಡೆ, ಅಲಸಂದೆ, ಹೀರೆ, ಬದನೆ, ಹರಿವೆ ಹಾಕಿದ್ದೇನೆ. ಸುತ್ತ ಅಡಿಕೆ ದಬ್ಬೆಯ ಬೇಲಿ ಇದೆ, ನಾಲ್ಕಡಿ ಎತ್ತರ. ಅಪ್ಪ ಕಟ್ಟಿಸಿದ್ದು, ಈಗ ಅರ್ಧ ಕುಂಬಾಗಿದೆ.

ಮೂರು ದಿನದ ಹಿಂದೆ ಬೆಳಗ್ಗೆ ಎದ್ದು ನೋಡಿದರೆ ಅಲಸಂದೆಯಲ್ಲಿ ಒಂದೂ ಕುಡಿ ಇಲ್ಲ, ಹರಿವೆ ಮಡಿ ಬೋಳು. ಅಮ್ಮ ಜಿಂಕೆ ಅಂತಾರೆ, ಅಪ್ಪ ಕಡವೆ ಅಂತಾರೆ, ಪಕ್ಕದ ಮನೆಯವರು ಹಂದಿ ಅಂತಾರೆ (ಅವರ ಮನೆ ದನವೇ ಇರಬೇಕು ಅಂತ ನನ್ನ ಅನುಮಾನ, ಅದು ಬೇರೆ ಮಾತು). ಕೈಯಲ್ಲಿರುವುದು 25 ಸಾವಿರ. ಒಬ್ಬರು ಸೋಲಾರ್ ಬೇಲಿ ಹಾಕು ಅಂದರು, ಇನ್ನೊಬ್ಬರು ಹಳೆ ಸೀರೆ ಕಟ್ಟು ಸಾಕು ಅಂದರು, ಮತ್ತೊಬ್ಬ ಮಹಾನುಭಾವ ಮನೆ ಲೈನಿನಿಂದಲೇ ಒಂದು ತಂತಿ ಎಳಿ ಅಂದ. ಯಾರ ಮಾತು ಕೇಳಲಿ?

ಸಿರ್ಸಿ ಭಟ್ಟ

ತಮ್ಮಾ, ಕೊನೆಗೆ ಹೇಳಿದ್ಯಲ್ಲ, ಅವನ ಮಾತು ಮಾತ್ರ ಕೇಳಬೇಡ. ಮನೆ ಲೈನಿನ 230 ವೋಲ್ಟ್ ಬೇಲಿಗೆ ಕೊಟ್ಟರೆ ಜಿಂಕೆ ಒಂದೇ ಅಲ್ಲ, ಬೆಳಗ್ಗೆ ಹೂ ಕೊಯ್ಯಲು ಹೋದ ಅಮ್ಮನೂ ಸಾಯಬಹುದು. ಅದು ಅಪರಾಧ ಕೂಡ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಬರುವವರು ಯಾರು ಅಂತ ಗೊತ್ತಿಲ್ಲದೆ ಬೇಲಿ ಹಾಕಿದರೆ ದುಡ್ಡು ನೀರಿಗೆ ಹಾಕಿದ ಹಾಗೆ. ಒಮ್ಮೆ ಕೂತು ಗಿಡ ನೋಡು. ಜಿಂಕೆ, ಕಡವೆ, ಕಾಡುಕುರಿ, ದನ, ಇವಕ್ಕೆಲ್ಲ ಮೇಲ್ದವಡೆಯ ಮುಂದೆ ಹಲ್ಲಿರುವುದಿಲ್ಲ. ಹಾಗಾಗಿ ಕಚ್ಚಿ ಎಳೆದು ಹರಿಯುತ್ತವೆ, ದಂಟಿನ ತುದಿ ನಾರುನಾರಾಗಿ ಸಿಗಿದಿರುತ್ತದೆ. ಮೊಲ ತಿಂದಿದ್ದರೆ ಚಾಕುವಿನಲ್ಲಿ ಓರೆಯಾಗಿ ಕೊಯ್ದ ಹಾಗೆ ಇರುತ್ತದೆ, ಅದೂ ನೆಲದಿಂದ ಒಂದು ಒಂದೂವರೆ ಅಡಿಯೊಳಗೆ. ಎದೆ ಎತ್ತರದ ಕುಡಿ ಹೋಗಿದ್ದರೆ ಅಪ್ಪ ಹೇಳಿದ್ದೇ ಸರಿ ಇರಬಹುದು. ಮಡಿಯನ್ನೇ ಉತ್ತು ಹಾಕಿದ ಹಾಗಿದ್ದರೆ ಹಂದಿ.

ಹೆಜ್ಜೆ ಕಾಣದಿದ್ದರೆ ಬೇಲಿ ಪಕ್ಕ ಒಂದು ಮಾರು ಮಣ್ಣನ್ನು ಸಂಜೆ ಹದ ಮಾಡಿ ಕೈಯಿಂದ ಸವರಿ ಬಿಡು, ಮಳೆ ಬಾರದಿದ್ದರೆ ಬೆಳಗ್ಗೆ ಎಲ್ಲ ಬರೆದಿಟ್ಟಿರುತ್ತದೆ. ಹಂದಿಯದಾದರೆ ಗೊರಸಿನ ಹಿಂದೆ ಎರಡು ಚಿಕ್ಕ ಗುರುತು ಬೀಳುತ್ತವೆ. ದನದ್ದು ಅಗಲ, ದುಂಡಗೆ. ಪಕ್ಕದ ಮನೆಯವರ ಹತ್ತಿರ ಮಾತು ಆಡುವ ಮುಂಚೆ ಇಷ್ಟಾದರೂ ನೋಡಿಕೋ.

ಗುಂಡ್ಲುಪೇಟೆ ರೈತ

ನಮ್ಮ ಜಮೀನು ಬಂಡೀಪುರದ ಅಂಚಿನಲ್ಲಿ. ಇಲ್ಲಿ ಬರದೇ ಇರುವ ಪ್ರಾಣಿ ಯಾವುದು ಅಂತ ಕೇಳಿ ಸರ್! ಆನೆ ಬಂದರೆ ಯಾವ ಬೇಲಿಯೂ ಬೇಲಿ ಅಲ್ಲ, ಅದಕ್ಕೇ ಅರಣ್ಯ ಇಲಾಖೆ ರೈಲ್ವೆ ಕಂಬಿ ನೆಡುತ್ತದೆ, ಅದನ್ನೂ ದಾಟಿದ ಆನೆಗಳಿವೆ. ನಿಮಗೆ ಆ ಚಿಂತೆ ಇಲ್ಲ ಅಂದುಕೊಳ್ಳುತ್ತೇನೆ.

ಝಟ್ಕಾ ಮಷಿನ್, ಅಂದರೆ ನೀವು ಕೇಳಿದ ಸೋಲಾರ್ ಬೇಲಿಗೆ ಕರೆಂಟ್ ಕೊಡುವ ಯಂತ್ರ, ಅದರ ಬಗ್ಗೆ ಹೇಳುತ್ತೇನೆ, ಆರು ವರ್ಷದಿಂದ ಇಟ್ಟಿದ್ದೀನಿ. 12 ವೋಲ್ಟ್ ಬ್ಯಾಟರಿ, ಮೇಲೊಂದು ಸೋಲಾರ್ ಪ್ಲೇಟು. ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ತಂತಿಗೆ ಸಾವಿರಾರು ವೋಲ್ಟ್ ಹೊಡೆಯುತ್ತದೆ, ಆದರೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರಲ್ಲ, ಅದಕ್ಕೇ ಮುಟ್ಟಿದವರು ಹಾರಿ ಬೀಳುತ್ತಾರೆ, ಸಾಯಲ್ಲ. ಗುರುತಿರುವ ಕಂಪನಿಯ ಮಷಿನ್ನೇ ತಗೊಳ್ಳಿ, ಯಾರೋ ಶೆಡ್ಡಿನಲ್ಲಿ ಕೂತು ಜೋಡಿಸಿದ್ದು ಬೇಡ.

ತೊಂದರೆ ಎಲ್ಲಿ ಬರುತ್ತೆ ಅಂದರೆ ಅರ್ಥಿಂಗ್‌ನಲ್ಲಿ. ಹತ್ತರಲ್ಲಿ ಎಂಟು ಜನ ಒಂದು ಮೊಳ ಕಬ್ಬಿಣ ನೆಲಕ್ಕೆ ಚುಚ್ಚಿ ಸುಮ್ಮನಾಗುತ್ತಾರೆ, ಆಮೇಲೆ ಮಷಿನ್ ಸರಿ ಇಲ್ಲ ಅಂತಾರೆ. ಉದ್ದದ ರಾಡು ಮೂರು ಬೇಕು, ದೂರ ದೂರ ಹೊಡೆದು ತಂತಿಯಿಂದ ಸೇರಿಸಬೇಕು, ಬೇಸಿಗೆಯಲ್ಲಿ ಅದರ ಬುಡಕ್ಕೆ ನೀರು ಹಾಕಬೇಕು. ಇನ್ನು ನಿಮ್ಮ ಮಲೆನಾಡಿನಲ್ಲಿ ಮಳೆ ಹಿಡಿದ ಮೇಲೆ ವಾರಕ್ಕೊಂದು ಮೊಳ ಹುಲ್ಲು ಬೆಳೆಯುತ್ತೆ ಅಲ್ವಾ? ಹುಲ್ಲು ತಂತಿಗೆ ತಾಗಿದರೆ ಕರೆಂಟೆಲ್ಲ ನೆಲಕ್ಕಿಳಿದು ಹೋಗುತ್ತೆ. ಸವರುವ ಆಳು ಇದ್ದರೆ ಹಾಕಿ, ಇಲ್ಲದಿದ್ದರೆ ಎರಡು ಗುಂಟೆಗೆ ಇದು ಜಾಸ್ತಿಯಾಯಿತು ಅನ್ನೋದು ನನ್ನ ಅಭಿಪ್ರಾಯ.

ಬಸಳೆ ಚಪ್ಪರ

ಸೀರೆ ಬಗ್ಗೆ ನಗಬೇಡಿ. ನಾನು ತೀರ್ಥಹಳ್ಳಿ ಕಡೆಯವಳು, ಅತ್ತೆಯ ಹನ್ನೊಂದು ಹಳೆ ಸೀರೆ ಬೇಲಿಗೆ ಹೋಗಿವೆ. ಹಂದಿಗೆ ಸ್ವಲ್ಪ ದಿನ ಹೆದರಿಕೆ ಇರುತ್ತದೆ, ಮನುಷ್ಯರ ವಾಸನೆಯೋ, ಗಾಳಿಗೆ ಅಲ್ಲಾಡುವುದಕ್ಕೋ ಗೊತ್ತಿಲ್ಲ. ತಿಂಗಳು ಕಳೆದರೆ ಅದನ್ನೇ ಒರಸಿಕೊಂಡು ಒಳಗೆ ಬರುತ್ತದೆ! ಕ್ಷೌರದಂಗಡಿಯ ಕೂದಲಿನದೂ ಅದೇ ಕತೆ, ಒಂದು ಜೋರು ಮಳೆ ಬಂದರೆ ಮುಗಿಯಿತು.

ಎರಡು ಮಾತು ಹೇಳಲೇಬೇಕು. ಒಂದು, ಫೊರೇಟ್ ಅನ್ನುವ ಕೀಟನಾಶಕದ ಪೊಟ್ಟಣ ಕಟ್ಟು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು 2020ರ ಕೊನೆಯಿಂದ ದೇಶದಲ್ಲೇ ನಿಷೇಧ, ತಿನ್ನುವ ಸೊಪ್ಪಿನ ಪಕ್ಕ ಅಂಥ ವಿಷ ಯಾಕೆ? ಇನ್ನೊಂದು, ಮೀನಿನ ಬಲೆ. ಕಡಿಮೆಗೆ ಸಿಗುತ್ತದೆ ಅಂತ ನಾವೂ ನೆಲದವರೆಗೆ ಬಿಟ್ಟಿದ್ದೆವು. ಒಂದು ಕೇರೆಹಾವು ಸಿಕ್ಕಿಕೊಂಡು ಒದ್ದಾಡಿತು, ನಮ್ಮವರು ಕತ್ತರಿ ಹಿಡಿದು ಒಂದು ತಾಸು ಬಿಡಿಸಿದರು. ನಾಗರಹಾವಾಗಿದ್ದರೆ ಏನು ಗತಿ? ಬಲೆ ಕಟ್ಟುವುದಾದರೆ ನೆಲದಿಂದ ಎರಡಡಿ ಮೇಲಕ್ಕೆ ಕಟ್ಟಿ, ಕೆಳಗೆ ಬೇರೆ ಏನಾದರೂ ಹಾಕಿ.

ಮಂಗಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ನಾಯಿ, ಅಷ್ಟೇ.

ಜರ್ಸಿ ಕನ್ನಡಿಗ

ನ್ಯೂಜೆರ್ಸಿಯಿಂದ. ಇಲ್ಲಿ ಬಿಳಿಬಾಲದ ಜಿಂಕೆ ಬೀದಿನಾಯಿಯ ಹಾಗೆ ಮನೆ ಮುಂದೆ ಓಡಾಡುತ್ತವೆ. ಅಮ್ಮ ಊರಿನಿಂದ ಕೊಟ್ಟು ಕಳಿಸಿದ ಅವರೆ ಬೀಜ ಹಾಕಿದ್ದೆ, ಎರಡು ರಾತ್ರಿಗೆ ಖಾಲಿ. (ತಿನ್ನದಿದ್ದರೂ ಅಷ್ಟೇ, ಇಲ್ಲಿ ಅವರೆ ಹೂ ಬಿಡುವ ಹೊತ್ತಿಗೆ ಹಿಮ ಬೀಳುತ್ತೆ.)

ನಾನು ಕಲಿತದ್ದು ಇಷ್ಟು. ಜಿಂಕೆ ಹಾರದ ಹಾಗೆ ಬೇಲಿ ಹಾಕಬೇಕೆಂದರೆ 8 ಅಡಿ ಬೇಕು, ಆರಡಿಯನ್ನು ಅದು ನಿಂತಲ್ಲಿಂದಲೇ ಹಾರುತ್ತೆ. ಆದರೆ ಅದು ಎತ್ತರ ಹಾರುತ್ತೆ, ಇಲ್ಲವೇ ಉದ್ದ ಹಾರುತ್ತೆ, ಎರಡನ್ನೂ ಒಟ್ಟಿಗೆ ಮಾಡುವುದು ಕಷ್ಟ. ಅದಕ್ಕೇ ನಾಲ್ಕಡಿಯ ಎರಡು ಬೇಲಿಯನ್ನು ನಡುವೆ ನಾಲ್ಕೈದು ಅಡಿ ಬಿಟ್ಟು ಹಾಕುತ್ತಾರೆ. ಇಳಿಯುವ ಜಾಗ ಕಾಣದಿದ್ದರೂ ಹಾರಲು ಹಿಂಜರಿಯುತ್ತೆ. ನಮ್ಮ ಟೌನ್‌ನಲ್ಲಿ ಆರಡಿಗಿಂತ ಎತ್ತರ ಬಿಡಲ್ಲ, ಹಾಗಾಗಿ ಆರಡಿಗೆ ಒಳಗೇನೂ ಕಾಣದ ಹಾಗೆ ಹಲಗೆ ಹೊಡೆದೆ. ನಿಮಗೆ ಅದೇ ಕೆಲಸವನ್ನು ಹಸಿರು ಶೇಡ್ ನೆಟ್ ಮಾಡುತ್ತೆ.

ಸಿರ್ಸಿ ಭಟ್ಟ

ಜರ್ಸಿಯವರು ಹೇಳಿದ ಎರಡು ಬೇಲಿಯ ಉಪಾಯ ಚಂದ ಇದೆ, ನಡುವೆ ಕೋಳಿ ಬಿಟ್ಟರೆ ಹುಳನೂ ಹೆಕ್ಕುತ್ತವೆ. ಬರೀ ಹಂದಿ ಆದರೆ ಎತ್ತರ ಬೇಡ, ಮೂರೂವರೆ ನಾಲ್ಕಡಿ ಸಾಕು, ಆದರೆ ಬುಡ ಗಟ್ಟಿ ಇರಬೇಕು. ಚೈನ್ ಲಿಂಕ್ ಮೆಶ್ಶನ್ನು ಕೆಳಗೆ ಒಂದಡಿ ಹೊರಮುಖವಾಗಿ ಮಡಚಿ ಮಣ್ಣು ಮುಚ್ಚಿ ಕಲ್ಲು ಹೇರು. ಹಂದಿ ಬೇಲಿಯ ಬುಡಕ್ಕೇ ಬಂದು ಅಗೆಯುತ್ತದೆ, ಅಗೆದಲ್ಲೆಲ್ಲ ಮೆಶ್ ಸಿಗುತ್ತದೆ. ನೇರ ಕೆಳಗೆ ಹುಗಿಯುವುದಕ್ಕಿಂತ ಇದು ಸುಲಭ.

ಹಿತ್ಲಗಿಡ

ಭಟ್ರೇ, ಮಣ್ಣು ಸವರಿ ಇಟ್ಟಿದ್ದೆ. ಇಬ್ಬರು ಬಂದಿದ್ದಾರೆ! ಹರಿವೆ ಓರೆಯಾಗಿ ಕೊಯ್ದ ಹಾಗಿದೆ, ಅದು ಮೊಲ. ಕುಂಬಾದ ದಬ್ಬೆಯ ಸಂದಿಯಲ್ಲೇ ನುಗ್ಗಿದೆ. ಅಲಸಂದೆ ಕುಡಿ ನನ್ನ ಎದೆ ಎತ್ತರದಲ್ಲಿ ಹರಿದಿದೆ, ಹೆಜ್ಜೆ ನೋಡಿ ಅಪ್ಪ ಕಡವೆಯದೇ ಅಂದರು, ಬೆಳಗ್ಗೆಯಿಂದ ಮೀಸೆ ತಿರುವುತ್ತಿದ್ದಾರೆ. ದನದ ಗುರುತು ಎಲ್ಲೂ ಇಲ್ಲ, ಪಕ್ಕದ ಮನೆಗೆ ಇವತ್ತು ಹೀರೆಕಾಯಿ ಕೊಟ್ಟು ಬಂದೆ.

ಸುತ್ತಳತೆ 200 ಅಡಿ ಬಂತು. ಹತ್ತಡಿಗೊಂದರಂತೆ ಎಂಟಡಿ ಮೇಲೆ ನಿಲ್ಲುವ ಹಾಗೆ ಇಪ್ಪತ್ತು ಕಂಬ, ಕೆಳಗೆ ಮೂರಡಿ ಸಣ್ಣ ಕಣ್ಣಿನ ಕೋಳಿ ಮೆಶ್, ಅದರ ಮೇಲೆ ಶೇಡ್ ನೆಟ್ ಅಂತ ಲೆಕ್ಕ ಹಾಕಿದ್ದೇನೆ. ಒಳ ಹೋಗುವಲ್ಲಿ ಈಗಿರುವ ಉಣುಗೋಲೇ (ಸರಿಸಿ ದಾಟುವ ಅಡ್ಡ ಗಳುಗಳು) ಸಾಕಾ?

ಬಸಳೆ ಚಪ್ಪರ

ಉಣುಗೋಲಿನ ಸಂದಿಯಲ್ಲಿ ಮೊಲ ಅಲ್ಲ, ಕರುವೂ ತೂರುತ್ತದೆ ಮಾರಾಯ್ರೇ. ಅಲ್ಲಿಗೊಂದು ಬಾಗಿಲು ಮಾಡಿಸಿ, ಅದಕ್ಕೂ ಮೆಶ್ ಹೊಡೆಸಿ, ಕೆಳಗೆ ಒಂದು ಚಪ್ಪಡಿ ಕಲ್ಲು ಹಾಕಿ. ಮತ್ತೆ ಸಂಜೆ ಚಿಲಕ ಹಾಕುವ ಕೆಲಸ ಯಾರದು ಅಂತ ಈಗಲೇ ತೀರ್ಮಾನ ಮಾಡಿಕೊಳ್ಳಿ, ನಮ್ಮನೆಯಲ್ಲಿ ಅದಕ್ಕೇ ಜಗಳ.