ಲೆನ್ಸೋಯಿಸ್ ಮರಳುದಿಬ್ಬ, ಕೆರೆಗಳು: ಒಂದೇ ದಿನದಲ್ಲಿ ಆಗುತ್ತಾ?

ಪ್ರಶ್ನೆ:
ಆಗಸ್ಟ್‌ನಲ್ಲಿ ಬ್ರೆಜಿಲ್‌ಗೆ ಹೋಗುತ್ತಿದ್ದೇವೆ. ಬೆಳಿಗ್ಗೆ ಸಾವೊ ಲೂಯಿಸ್ ನಗರ ಬಿಟ್ಟು, ಲೆನ್ಸೋಯಿಸ್ ಮರಾನ್ಯೆನ್ಸೆಸ್ ರಾಷ್ಟ್ರೀಯ ಉದ್ಯಾನ ನೋಡಿ ರಾತ್ರಿ ವಾಪಸ್ ಬರಬಹುದಾ? ಬಾಡಿಗೆ ಕಾರು ನಾನೇ ಓಡಿಸುತ್ತೇನೆ. ಜೊತೆಗೆ ಅಮ್ಮ ಇದ್ದಾರೆ, ಮಂಡಿ ನೋವು. ಫೋಟೋದಲ್ಲಿ ಕಾಣುವಷ್ಟು ನೀರು ಆಗ ನಿಜವಾಗಲೂ ಇರುತ್ತಾ?

ಉತ್ತರ 1:
ನೀರಿನ ಚಿಂತೆ ಬಿಡಿ. ವರ್ಷದ ಮೊದಲರ್ಧದ ಮಳೆ ನೀರೇ ದಿಬ್ಬಗಳ ಮಧ್ಯೆ ನಿಲ್ಲುವುದು. ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆ ಕಾಲ. ವರ್ಷದ ಕೊನೆಗೆ ಹೋದವರಿಗೆ ಬರೀ ಮರಳು.

ಆದರೆ ಒಂದೇ ದಿನದಲ್ಲಿ ಬೇಡ ಮಾರಾಯ್ರೇ. ಉದ್ಯಾನದ ಪಕ್ಕದ ಬರೇರಿನ್ಯಾಸ್ ಊರಿಗೇ ಸುಮಾರು ನಾಲ್ಕು ಗಂಟೆ ದಾರಿ. ಕಾರು ಅಲ್ಲೇ ನಿಲ್ಲಿಸಿ, ಫೋರ್ ವೀಲ್ ಗಾಡಿ ಹತ್ತಬೇಕು. ಗಾಡಿಯಲ್ಲೇ ನದಿ ದಾಟಬೇಕು. ಆಮೇಲೆ ಮರಳಿನ ಗಾಲಿ ಜಾಡು. ತೆರೆದ ಬೆಂಚಿನ ಮೇಲೆ ಕೂತು ಎರಡೂ ಕೈಯಲ್ಲಿ ಕಂಬಿ ಹಿಡಿಯಬೇಕು, ಕೊಂಬೆಗಳು ಮುಖಕ್ಕೇ ಬರುತ್ತವೆ. ಒಂದು ರಾತ್ರಿ ಉಳಿಯಿರಿ. ಮಧ್ಯಾಹ್ನದ ಮೇಲೆ ಹೊರಡುವ ಗಾಡಿಯೇ ಚೆಂದ, ಸೂರ್ಯ ಮುಳುಗುವುದು ದಿಬ್ಬದ ಮೇಲಿಂದ ಸಿಗುತ್ತದೆ.

ಉತ್ತರ 2:
ಅಮ್ಮನಿಗೆ ಆ ಕುಲುಕಾಟ ಸುಮ್ನೆ ಯಾಕೆ? ಪ್ರೆಗಿಸಾಸ್ ನದಿಯ ದೋಣಿ ನೋಡಿ. ದಾರಿಯಲ್ಲಿ ವಾಸೋರಾಸ್ ಅನ್ನೋ ಜಾಗದಲ್ಲಿ ನಿಲ್ಲಿಸುತ್ತಾರೆ, ದಡದಲ್ಲೇ ದಿಬ್ಬ, ಕೋತಿಗಳೂ ಇವೆ. ಕೈಯಲ್ಲಿ ತಿಂಡಿ ಇಟ್ಟುಕೊಳ್ಳಬೇಡಿ.

ಪ್ರಶ್ನೆ ಕೇಳಿದವರು:
ದೋಣಿ ಅಮ್ಮನಿಗೆ ಒಪ್ಪಿಗೆ. ಗಾಡಿ ನನಗೆ. ಬರೇರಿನ್ಯಾಸ್‌ನಲ್ಲಿ ರೂಮ್ ಹುಡುಕುತ್ತಿದ್ದೇನೆ.