ಐದು ನಿಮಿಷದ ಹಾಡೋ, ಇಪ್ಪತ್ತು ನಿಮಿಷದ ಜ್ಯಾಮೋ? ಅನುಭವಸ್ಥರು ತಿಳಿಸಿ

ಕುಕ್ಕರಹಳ್ಳಿ ಗಿಟಾರ್:
ಮೈಸೂರಿನಲ್ಲಿ ನಾವು ನಾಲ್ವರು ಸೇರಿ ಹಳೆಯ ರಾಕ್ ನುಡಿಸುತ್ತೇವೆ. ಅಮೆರಿಕದ ರಾಕ್ ತಂಡಗಳಾದ ಆಲ್ಮನ್ ಬ್ರದರ್ಸ್ ಮತ್ತು ಗ್ರೇಟ್‌ಫುಲ್ ಡೆಡ್ ಎಂದರೆ ನಮಗೆ ಪ್ರಾಣ. ಸೋಲೋಗಳನ್ನು ಧ್ವನಿಮುದ್ರಿಕೆಯಲ್ಲಿರುವಂತೆ ಸ್ವರಕ್ಕೆ ಸ್ವರ ಕಲಿಯಬೇಕೇ, ಇಲ್ಲವೇ ಆ ತಂಡಗಳಂತೆ ವೇದಿಕೆಯ ಮೇಲೇ ಹಾಡನ್ನು ಬೆಳೆಸಬೇಕೇ (ಜ್ಯಾಮ್ ಮಾಡಬೇಕೇ) ಎಂಬ ವಿಷಯದಲ್ಲಿ ನಮ್ಮೊಳಗೇ ಒಮ್ಮತವಿಲ್ಲ. ಗಿಟಾರಿಗೆ ಒಂದು ವ್ಯಾಲ್ವ್ ಆಂಪ್ (ಗಾಜಿನ ವ್ಯಾಲ್ವುಗಳ ಹಳೆಯ ಬಗೆಯ ಧ್ವನಿವರ್ಧಕ) ಕೊಳ್ಳುವ ಯೋಚನೆಯೂ ಇದೆ. ದಯವಿಟ್ಟು ತಿಳಿಸಿ.

ಟ್ವಿನ್ ಹೊತ್ತವನು:
ಆಂಪ್ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಡೆಡ್ ತಂಡದ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ಫೆಂಡರ್ ಟ್ವಿನ್ ರಿವರ್ಬ್ ಆಂಪ್ ಬಳಸುತ್ತಿದ್ದರೆಂಬ ಒಂದೇ ಕಾರಣಕ್ಕೆ, ನ್ಯೂಜೆರ್ಸಿಯಿಂದ ಬೆಂಗಳೂರಿಗೆ ಮರಳುವಾಗ ನನ್ನ ಟ್ವಿನ್ನನ್ನು ಮನೆ ಸಾಮಾನಿನ ಜೊತೆಗೇ ತಂದೆ. ಸಾಗಣೆ, ಸುಂಕ ಸೇರಿ 58,000 ರೂಪಾಯಿ ಆಯಿತು. ಅದು 120 ವೋಲ್ಟಿನದು, ನಮ್ಮದು 230. ಹಾಗಾಗಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿಗೆ 7,500. ಪೇಟೆಯ ಅಂಗಡಿಯವರು ಸಾಕೆಂದು ಹೇಳಿ ಕೊಟ್ಟ ಆ ಟ್ರಾನ್ಸ್‌ಫಾರ್ಮರ್ ಒಂದು ಸಂಜೆ ಕಾರ್ಯಕ್ರಮದ ನಡುವೆಯೇ ಅರಗು ಕರಗಿದ ವಾಸನೆ ಬಿಟ್ಟು ಸತ್ತುಹೋಯಿತು, ಎರಡನೆಯದಕ್ಕೆ ಮತ್ತೆ 11,000 ತೆರಬೇಕಾಯಿತು. ನಾಲ್ಕು ಪವರ್ ವ್ಯಾಲ್ವುಗಳನ್ನು ಒಂದೇ ಅಳತೆಗೆ ಹೊಂದಿಸಿ ತರಿಸಲು 16,000. ಅದರ ತೂಕ 29 ಕಿಲೋ. ಮೊದಲ ಮಹಡಿಯ ಪಬ್ಬಿಗೆ ಅದನ್ನು ಹೊತ್ತವರಿಗೇ ಗೊತ್ತು. 85 ವ್ಯಾಟಿನ ಅದರ ವಾಲ್ಯೂಮನ್ನು ಮೂರರಾಚೆ ತಿರುಗಿಸುವ ಭಾಗ್ಯ ಇಂದಿಗೂ ಬಂದಿಲ್ಲ.

ಇಷ್ಟಾದ ಮೇಲೂ ಮಾರುವುದಿಲ್ಲ. ಆ ಸ್ವಚ್ಛ ನಾದ ಬೇರೆಲ್ಲಿಯೂ ಸಿಗದು. ಡೆಡ್ ತಂಡದವರು 1974ರಲ್ಲಿ ಸುಮಾರು 75 ಟನ್ ತೂಕದ ಸ್ಪೀಕರ್ ಗೋಡೆಯನ್ನು ತಮ್ಮ ಬೆನ್ನ ಹಿಂದೆಯೇ ನಿಲ್ಲಿಸಿಕೊಂಡು ನುಡಿಸಿದರು. ಗೋಡೆಯ ಸದ್ದು ಮೈಕಿಗೆ ನುಗ್ಗಿ ಊಳಿಡಬಾರದೆಂದು ಪ್ರತಿ ಗಾಯಕನ ಮುಂದೆ ಎರಡು ಮೈಕುಗಳನ್ನು ವಿರುದ್ಧ ಫೇಸಿನಲ್ಲಿ (ಒಂದರ ಅಲೆ ಏರಿದಾಗ ಇನ್ನೊಂದರದು ಇಳಿಯುವಂತೆ) ಜೋಡಿಸಿ, ಒಂದಕ್ಕೆ ಮಾತ್ರ ಹಾಡುತ್ತಿದ್ದರು. ಎರಡಕ್ಕೂ ಸಮನಾಗಿ ಬಿದ್ದ ಸದ್ದು ತಾನೇ ಅಳಿದುಹೋಗುತ್ತಿತ್ತು. ನಾದಕ್ಕಾಗಿ ಇಷ್ಟು ತಲೆ ಕೆಡಿಸಿಕೊಂಡವರನ್ನು ಪ್ರೀತಿಸಿ, ಖರ್ಚಿಗೆ ಅಂಜಿದರೆ ಹೇಗೆ?

ಸ್ವರಕ್ಕೆ ಸ್ವರ:
ಪ್ರಶ್ನೆ ಕೇಳಿದವರಿಗೆ ಬೇಕಾದದ್ದು ದಾರಿ, ತಮ್ಮ ಸಾಮಾನಿನ ಪಟ್ಟಿಯಲ್ಲ ಸ್ವಾಮಿ. ನಾನು ನ್ಯೂಯಾರ್ಕಿನ ಸಭಾಂಗಣದಲ್ಲಿ ಮುದ್ರಿಸಿದ 1971ರ ಫಿಲ್‌ಮೋರ್ ಈಸ್ಟ್ ಮುದ್ರಿಕೆಯಲ್ಲಿ ಆಲ್ಮನ್ ತಂಡದ ಗಿಟಾರ್ ವಾದಕ ಡ್ಯುಯೇನ್ ಆಲ್ಮನ್ ಸ್ಲೈಡಿನಲ್ಲಿ (ಬೆರಳಿಗೆ ತೊಟ್ಟ ಗಾಜನ್ನು ತಂತಿಯ ಮೇಲೆ ಜಾರಿಸಿ) ನುಡಿಸಿದ ಭಾಗಗಳನ್ನು ವೇಗ ಅರ್ಧಕ್ಕಿಳಿಸಿ, ಓಪನ್ ಇ ಶ್ರುತಿಯಲ್ಲಿ (ತಂತಿಗಳನ್ನು ಒತ್ತದೆ ಮೀಟಿದರೇ ಇ ಮೇಜರ್ ಸ್ವರಮೇಳ ಬರುವಂತೆ), ಒಂದು ಮೀಂಡನ್ನೂ ಬಿಡದೆ ಕಲಿತವನು. ಡ್ಯುಯೇನ್ ಬೆರಳಿಗೆ ತೊಡುತ್ತಿದ್ದದ್ದು ಶೀತದ ಮಾತ್ರೆಯ ಖಾಲಿ ಗಾಜಿನ ಬಾಟಲಿ. ಅದೇ ದಪ್ಪದ ಗಾಜು ಹುಡುಕುವುದಕ್ಕೇ ನಾನು ಔಷಧದಂಗಡಿಗಳನ್ನು ಅಲೆದಿದ್ದೇನೆ. ನಮ್ಮ ತಂಡಕ್ಕೆ ರಾತ್ರಿಯೊಂದಕ್ಕೆ 24,000 ಸಿಗುತ್ತದೆ. ಆಲ್ಮನ್‌ರಿಗೆ ಇಬ್ಬರು ಡ್ರಮ್ಮರುಗಳಿದ್ದರೆಂದು ನಾವೂ ಇಬ್ಬರನ್ನು ಇಟ್ಟುಕೊಂಡೆವು. ಎರಡನೆಯ ಡ್ರಮ್ ಕಿಟ್ಟಿನ ಬಾಡಿಗೆ 3,500, ಟೆಂಪೋ 2,800, ಸೌಂಡಿನವರಿಗೆ ಹೆಚ್ಚುವರಿ ಮೈಕಿನ ಲೆಕ್ಕದಲ್ಲಿ 2,000 ಕಳೆದು, ಉಳಿದದ್ದನ್ನು ಆರು ಜನ ಹಂಚಿಕೊಂಡರೆ ಪೆಟ್ರೋಲಿಗೆ ಸರಿಹೋಗುತ್ತದೆ. ಆದರೂ ಕೇಳುಗರು ಆ ಸೋಲೋವನ್ನು ಬಾಯಲ್ಲೇ ಹಾಡುತ್ತಾರೆ. ಇನ್ನು ಈ ಊರಿನ ಜ್ಯಾಮ್ ವೀರರು ಐದು ಸ್ವರದ ಪೆಂಟಟಾನಿಕ್ ಚೌಕದಲ್ಲಿ ಇಪ್ಪತ್ತು ನಿಮಿಷ ಗಿರಕಿ ಹೊಡೆದು, ಅದನ್ನು ಸ್ವಾತಂತ್ರ್ಯ ಎಂದು ಕರೆಯುತ್ತಾರೆ.

ಜ್ಯಾಮ್ ಮಾಡಲೇಬೇಕೆಂದಿದ್ದರೆ ಆಲ್ಮನ್ ಬ್ರದರ್ಸ್ ಹಾಡು ‘ವಿಪ್ಪಿಂಗ್ ಪೋಸ್ಟ್’ನ ಆರಂಭದ ಹನ್ನೊಂದು ಎಣಿಕೆಯನ್ನು ಮೊದಲು ಸರಿಯಾಗಿ ಹಿಡಿಯಲಿ. ಅದು ನಮ್ಮ ಕರ್ನಾಟಕ ಸಂಗೀತದ ಸಂಕೀರ್ಣ ಜಾತಿ ರೂಪಕ ತಾಳವೇ.

ಖಂಜಿರ:
ಅಲ್ಲ. ರೂಪಕದಲ್ಲಿ ಎರಡಕ್ಷರದ ದ್ರುತ ಮೊದಲು, ಜಾತಿಗೆ ತಕ್ಕಂತೆ ಅಳತೆ ಬದಲಾಗುವ ಲಘು ಆಮೇಲೆ. ಎಂದರೆ ಎರಡು, ಒಂಬತ್ತು. ಆ ಹಾಡಿನ ಬೇಸ್ ಗಿಟಾರ್ ನಡೆಯುವುದು ಮೂರು, ಮೂರು, ಮೂರು, ಎರಡು ಎಂದು. ಗಿಟಾರಿನವರು ಒಟ್ಟು ಮೊತ್ತ ಸರಿಹೋದರೆ ಸಾಕು ಎನ್ನುತ್ತಾರೆ. ಅಂಗಗಳ ಕ್ರಮ ಅವರಿಗೆ ಬೇಕಿಲ್ಲ.

ನಾನು ಮೃದಂಗ ಕಲಿತವನು. ಬೆಂಗಳೂರಿನ ಒಂದು ರಾಕ್ ತಂಡ ನನ್ನನ್ನು ಫ್ಯೂಷನ್ ಹೆಸರಿನಲ್ಲಿ ಕರೆದುಕೊಂಡು, ಎರಡು ನಿಮಿಷದ ತನಿ (ಒಂಟಿ ವಾದನ) ಕೊಟ್ಟು, ಉಳಿದ ಹೊತ್ತೆಲ್ಲ ಅಲಂಕಾರಕ್ಕೆ ಕೂರಿಸಿತು. ಡ್ರಮ್ಸ್ ಪಕ್ಕದಲ್ಲಿ ಕೂತರೆ ನನ್ನ ಮೈಕಿನ ತುಂಬ ಸಿಂಬಲ್ ಸದ್ದೇ. ಕ್ಲಿಪ್ ಮೈಕಿನ ಜೋಡಿಗೆ ಕೈಯಿಂದ 14,000 ಹಾಕಿದೆ. ಎಸಿ ಹಾಲಿನಲ್ಲಿ ಶ್ರುತಿ ನಿಲ್ಲುವುದಿಲ್ಲ, ಬಲ ಮುಚ್ಚಿಗೆಯನ್ನು ಮತ್ತೆ ಮತ್ತೆ ಕಟ್ಟಿಸಬೇಕಾಯಿತು. ಆ ಹಣ ಯಾರೂ ಕೊಡಲಿಲ್ಲ. ಡೆಡ್ ತಂಡದ ಡ್ರಮ್ಮರ್ ಮಿಕ್ಕಿ ಹಾರ್ಟ್ ತಬಲಾದ ಉಸ್ತಾದ್ ಅಲ್ಲಾ ರಖಾ ಅವರಲ್ಲಿ ಕಲಿತರು, ಹನ್ನೊಂದರ ಎಣಿಕೆಯ ಹಾಡನ್ನು ಆ ತಂಡ ನುಡಿಸಿತು. ಹಾರ್ಟ್ ಮುಂದೆ 1991ರ ‘ಪ್ಲಾನೆಟ್ ಡ್ರಮ್’ ಆಲ್ಬಮ್ಮಿನಲ್ಲಿ ಜಾಕಿರ್ ಹುಸೇನ್ ಮತ್ತು ಘಟದ ವಿಕ್ಕು ವಿನಾಯಕರಾಮ್ ಅವರನ್ನು ಸಮಾನರಾಗಿ ಕೂರಿಸಿಕೊಂಡರು. ಅಷ್ಟು ದೂರದವರಿಗೆ ತಿಳಿದದ್ದು ಇಲ್ಲಿಯವರಿಗೆ ಏಕೆ ತಿಳಿಯುವುದಿಲ್ಲ?

ಟ್ವಿನ್ ಹೊತ್ತವನು:
‘ಸಾಮಾನಿನ ಪಟ್ಟಿ’ ಎಂದವರಿಗೆ: ತಾವು 2,800ರ ಟೆಂಪೋ ಲೆಕ್ಕ ಬರೆದದ್ದೇನು, ಕಾವ್ಯವೇ?

ಓಕ್‌ಲ್ಯಾಂಡ್ ರಾವ್:
ನಾನು ಕ್ಯಾಲಿಫೋರ್ನಿಯಾಕ್ಕೆ ಬಂದದ್ದು 1996ರಲ್ಲಿ. ಗಾರ್ಸಿಯಾ ತೀರಿಕೊಂಡದ್ದು 1995ರ ಆಗಸ್ಟ್ 9ರಂದು. ಈ ನೋವು ನಿಮಗಾರಿಗೂ ಅರ್ಥವಾಗದು. ಅವರ ಕಛೇರಿಗಳನ್ನು ಧ್ವನಿಮುದ್ರಿಸಿಕೊಂಡವರ ಕ್ಯಾಸೆಟ್ಟುಗಳೇ ನನ್ನ ಗುರುಕುಲ. ತಂಡವೇ 1984ರಿಂದ ಮುದ್ರಿಸಿಕೊಳ್ಳುವವರಿಗೆ ಪ್ರತ್ಯೇಕ ಜಾಗ ಕೊಟ್ಟಿತ್ತು, ಹಂಚಬಹುದು, ಮಾರುವಂತಿಲ್ಲ. ಒಂದೇ ಹಾಡನ್ನು ಹಲವು ವರ್ಷಗಳ ಟೇಪಿನಲ್ಲಿ ಕೇಳಿದವನಿಗೆ ಯಾವ ಸ್ವರವನ್ನು ‘ಸ್ವರಕ್ಕೆ ಸ್ವರ’ ಕಲಿಯಬೇಕೆಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ‘ವಿಪ್ಪಿಂಗ್ ಪೋಸ್ಟ್’ 1969ರ ಆಲ್ಬಮ್ಮಿನಲ್ಲಿ ಐದು ನಿಮಿಷ ಚಿಲ್ಲರೆ, ಫಿಲ್‌ಮೋರ್ ಈಸ್ಟಿನಲ್ಲಿ ಸುಮಾರು 23 ನಿಮಿಷ. ಕಾಪಿ ಮಾಡುವವರು ಯಾವುದನ್ನು ಮಾಡುತ್ತೀರಿ?

ಹಾಗೆಂದು ಜ್ಯಾಮ್ ಎಂದರೆ ಬಾಯಿಗೆ ಬಂದದ್ದಲ್ಲ. ಅಮೆರಿಕದ ಜ್ಯಾಮ್ ತಂಡ ಫಿಶ್‌ನವರು ಅಭ್ಯಾಸದಲ್ಲಿ ಒಂದು ಕಸರತ್ತು ಮಾಡುತ್ತಿದ್ದರು: ಒಬ್ಬ ಒಂದು ಚಿಕ್ಕ ಪಲುಕು ಶುರುಮಾಡಿದರೆ, ಉಳಿದವರು ಅದಕ್ಕೆ ತಮ್ಮದನ್ನು ಹೊಂದಿಸಬೇಕು, ಮಿಕ್ಕವರೆಲ್ಲ ಹೊಂದಿಕೊಂಡರೆಂದು ಕಿವಿಗೆ ಖಾತ್ರಿಯಾದವನು ‘ಹೇ’ ಎನ್ನಬೇಕು, ಆಮೇಲೆ ಮುಂದಿನವನ ಸರದಿ. ನಮ್ಮ ಇಲ್ಲಿಯ ಕನ್ನಡದ ಹುಡುಗರ ತಂಡದಲ್ಲಿ ಇದನ್ನು ಮಾಡಿಸಿದಾಗ ಕೀಬೋರ್ಡಿನವರು ಸಿಟ್ಟಾಗಿ ಬಿಟ್ಟೇ ಹೋದರು, ಏಕೆಂದರೆ ತನ್ನ ಕೈಯನ್ನು ಬಿಟ್ಟು ಬೇರೆ ಯಾರನ್ನೂ ಆತ ಕೇಳುತ್ತಿರಲಿಲ್ಲವೆಂಬುದು ಎಲ್ಲರೆದುರು ಬಯಲಾಯಿತು. ರಿಹರ್ಸಲ್ ಕೋಣೆಗೆ ಗಂಟೆಗೆ 30 ಡಾಲರ್ ಕೊಟ್ಟು ಅವನ ಮುನಿಸನ್ನು ಕೇಳಿದ್ದೇವೆ.

ಅಂದಹಾಗೆ ಹನ್ನೊಂದು ಎಂದರೆ ಮಿಶ್ರ ಜಾತಿ ತ್ರಿಪುಟ. ಲಘು ಏಳು, ದ್ರುತಗಳು ಎರಡು, ಎರಡು. ಇದರಲ್ಲಿ ಜಗಳವೇನಿದೆ?

ಸ್ವರಕ್ಕೆ ಸ್ವರ:
ನಾವು ಮಾಡುವುದು 23 ನಿಮಿಷದ್ದನ್ನೇ, ರಾಯರೇ, ಪೂರ್ತಿಯಾಗಿ. ತಮಗೆ ಕೀಬೋರ್ಡಿನವರೇ ನಿಲ್ಲಲಿಲ್ಲ, ನಮ್ಮಲ್ಲಿ ಇಬ್ಬರು ಡ್ರಮ್ಮರುಗಳು ಇನ್ನೂ ಇದ್ದಾರೆ.

ಕುಕ್ಕರಹಳ್ಳಿ ಗಿಟಾರ್:
ಎಲ್ಲರಿಗೂ ಧನ್ಯವಾದ. ನಮ್ಮ ಬಜೆಟ್ 40,000 ಎಂಬುದನ್ನು ಹೇಳಲು ಮರೆತಿದ್ದೆ. ಆಂಪ್ ಬಗ್ಗೆ ಯಾರಾದರೂ…

ಖಂಜಿರ:
ಸ್ವಲ್ಪ ಇರಿ. ರಾಯರು ಹೇಳಿದಂತೆ ತ್ರಿಪುಟ ಹಾಕಿದರೆ ಲಘುವಿನ ಏಳನೆಯ ಅಕ್ಷರ ಮೂರನೆಯ ಮೂರರ ಮೊದಲ ಹೆಜ್ಜೆಯ ಮೇಲೆ ಮುಗಿಯುತ್ತದೆ, ಉಳಿದೆರಡು ಹೆಜ್ಜೆಗಳು ದ್ರುತಕ್ಕೆ ಹೋಗುತ್ತವೆ. ಬೇಸಿನ ಪಲುಕು ನಡುಮುರಿಯುತ್ತದೆ. ಸುಳಾದಿ ಏಳು ತಾಳಗಳಲ್ಲಿ ಒಂಬತ್ತು ಮುಂದೆ, ಎರಡು ಹಿಂದೆ ಬರುವುದನ್ನು ಯಾರಾದರೂ ತೋರಿಸಿದರೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಬರಿಯ ಎಣಿಕೆ ಎನ್ನಿ, ತಾಳದ ಹೆಸರು ಹಚ್ಚಬೇಡಿ.

ಓಕ್‌ಲ್ಯಾಂಡ್ ರಾವ್:
ಹೆಸರು ಹಚ್ಚಲು ಯಾರ ಅಪ್ಪಣೆ ಬೇಕು, ತಮ್ಮದೇ?