ಇಂಕಿನ ಟ್ಯಾಕ್ (ಅಂಟಿನ ಎಳೆತ) ಕಂಪನಿ ಶೀಟಿನಲ್ಲಿ 9, ನಮ್ಮ ಮೀಟರಿನಲ್ಲಿ 13. ಯಾವುದನ್ನು ನಂಬೋದು?

ಪ್ರಶ್ನೆ: ಆಫ್‌ಸೆಟ್‌ನಲ್ಲಿ ಆರ್ಟ್ ಪೇಪರ್ (ನುಣುಪು ಕೋಟಿಂಗ್ ಇರುವ ಕಾಗದ) ಮೇಲೆ ಸಾಲಿಡ್ (ಪೂರ್ತಿ ಇಂಕು ತುಂಬಿದ ಜಾಗ) ಹೊಡೆಯುವಾಗ ಕೋಟಿಂಗ್ ಕಿತ್ತು ಬರುತ್ತಿದೆ, ಬ್ಲಾಂಕೆಟ್ (ಕಾಗದಕ್ಕೆ ಇಂಕು ದಾಟಿಸುವ ರಬ್ಬರ್ ಹಾಳೆ) ಮೇಲೆ ಬಿಳಿ ಪುಡಿ ಕೂರುತ್ತಿದೆ. ಇಂಕಿನ ಅಂಟು ಜಾಸ್ತಿ ಇರಬೇಕು ಅಂತ ಟ್ಯಾಕ್‌ಮೀಟರ್‌ನಲ್ಲಿ ನೋಡಿದೆವು, 13 ಬಂತು. ಇಂಕ್ ಕಂಪನಿಯ ಶೀಟಿನಲ್ಲಿ 9 ಅಂತಿದೆ. ಸುಮ್ನೆ ಬರೆದುಬಿಟ್ಟಿದ್ದಾರಾ?

ಉತ್ತರ: ಎರಡೂ ಸರಿ ಇರಬಹುದು ಸರ್. ಟ್ಯಾಕ್ ನಂಬರ್ ಒಂದನ್ನೇ ಹೇಳಿದರೆ ಅರ್ಥವಿಲ್ಲ, ಯಾವ ವೇಗದಲ್ಲಿ, ಎಷ್ಟು ಬಿಸಿಯಲ್ಲಿ, ಎಷ್ಟು ಹೊತ್ತು ಓಡಿಸಿ ಓದಿದ್ದು ಅಂತ ಜೊತೆಗೆ ಇರಲೇಬೇಕು. ಮೀಟರ್ ಅಳೆಯೋದು ಇಷ್ಟೇ: ತಿರುಗುವ ಲೋಹದ ರೋಲರ್ ಮೇಲೆ ರಬ್ಬರ್ ರೋಲರ್ ಕೂತಿರುತ್ತದೆ, ನಡುವಿನ ಇಂಕು ಸೀಳುವಾಗ ರಬ್ಬರ್ ರೋಲರನ್ನು ಎಳೆಯುತ್ತದಲ್ವಾ, ಆ ಎಳೆತವೇ ಟ್ಯಾಕ್. ವೇಗ ಹೆಚ್ಚಿದರೆ ನಂಬರ್ ಏರುತ್ತದೆ, ಬಿಸಿ ಹೆಚ್ಚಿದರೆ ಇಳಿಯುತ್ತದೆ. ಸಾಮಾನ್ಯವಾಗಿ 1.32 ಮಿಲಿ ಇಂಕು ಹಾಕಿ, 32.2 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಂದು ನಿಮಿಷ ಓಡಿದ ಮೇಲೆ ಓದುತ್ತಾರೆ. ನೀವು ಎಷ್ಟು ಆರ್‌ಪಿಎಂನಲ್ಲಿ ಓಡಿಸಿದಿರಿ?

ಪ್ರಶ್ನೆ: 1200. ಶೀಟಿನ ಕೆಳಗೆ ಸಣ್ಣಕ್ಷರದಲ್ಲಿ 400 ಅಂತಿದೆ, ಈಗ ನೋಡಿದೆ.

ಉತ್ತರ: ಹಾಗಾದರೆ ಹೋಲಿಕೆಯೇ ತಪ್ಪು. 400ರಲ್ಲೇ ಓಡಿಸಿ. ರೋಲರ್‌ನಲ್ಲಿ ಹಳೆಯ ಇಂಕಾಗಲಿ, ವಾಶ್ (ರೋಲರ್ ತೊಳೆಯುವ ದ್ರವ) ಆಗಲಿ ಉಳಿದಿರಬಾರದು, ಸ್ವಲ್ಪ ವಾಶ್ ಉಳಿದರೂ ರೀಡಿಂಗ್ ಬಿದ್ದುಹೋಗುತ್ತದೆ. ಒಂದು ನಿಮಿಷಕ್ಕೇ ನಿಲ್ಲಿಸಬೇಡಿ, 10 ನಿಮಿಷ ಓಡಲಿ. ಇಂಕಿನೊಳಗಿನ ಎಣ್ಣೆ ಆರುತ್ತಾ ಹೋದಂತೆ ಟ್ಯಾಕ್ ಏರುತ್ತದೆ. ಬೇಗ ಏರುವ ಇಂಕು ಶುರುವಿನಲ್ಲಿ ಸಾಧುವಾಗಿದ್ದು, ಮಷಿನ್ ನಿಂತು ಮತ್ತೆ ಶುರುವಾದಾಗ ಪೇಪರ್ ಕೀಳುತ್ತದೆ. ನನ್ನ ಪ್ರಕಾರ ಮೊದಲ ನಂಬರಿಗಿಂತ ಇದೇ ಮುಖ್ಯ.

ಇನ್ನೊಬ್ಬರು: ಬೆರಳಲ್ಲಿ ತಟ್ಟಿ ನೋಡಿದರೆ ಸಾಲದಾ?

ಉತ್ತರ: ಎರಡು ಇಂಕು ಪಕ್ಕಪಕ್ಕ ಗಾಜಿನ ಮೇಲೆ ತೆಳ್ಳಗೆ ತಟ್ಟಿದರೆ ಯಾವುದು ಜಾಸ್ತಿ ಎಳೆಯುತ್ತದೆ ಅಂತ ಗೊತ್ತಾಗುತ್ತದೆ, ಬೇಡ ಅನ್ನಲ್ಲ. ಆದರೆ ಗಟ್ಟಿ ಇಂಕೆಲ್ಲ ಜಾಸ್ತಿ ಅಂಟಿನದೇ ಆಗಿರಬೇಕಿಲ್ಲ, ಅಲ್ಲಿ ಬೆರಳು ಮೋಸ ಹೋಗುತ್ತದೆ. ಮಷಿನ್ ವೇಗವಂತೂ ಬೆರಳಿಗೆ ಬರಲ್ಲ.

ಪ್ರಶ್ನೆ: 400ರಲ್ಲಿ 9.2 ಬಂತು ಸರ್. ಇಂಕು ಸರಿ ಅಂದರೆ ರೆಡ್ಯೂಸರ್ (ಇಂಕಿನ ಅಂಟು ಇಳಿಸುವ ದ್ರವ) ಹಾಕಲಾ?

ಉತ್ತರ: ಮೊದಲು ಅದೇ ಇಂಕಲ್ಲಿ ಬೇರೆ ಲಾಟ್ ಪೇಪರ್ ಹಾಕಿ ನೋಡಿ, ಕೀಳುವುದು ನಿಂತರೆ ತಪ್ಪು ಪೇಪರಿನದ್ದು. ಆಮೇಲೂ ಹಾಕಲೇಬೇಕಾದರೆ ಚೂರುಚೂರೇ ಹಾಕಿ, ಪ್ರತಿ ಸಲ ಅಳೆಯಿರಿ, ಜಾಸ್ತಿಯಾದರೆ ಚಿತ್ರದ ಡಾಟ್ (ಚುಕ್ಕಿ) ದಪ್ಪವಾಗುತ್ತದೆ. ಮೊದಲ ಯೂನಿಟ್ (ಮೊದಲ ಬಣ್ಣ ಹೊಡೆಯುವ ಭಾಗ) ಇಂಕಿನ ಟ್ಯಾಕ್ ಮಾತ್ರ ಮುಂದಿನ ಬಣ್ಣಕ್ಕಿಂತ ಕೆಳಗಿಳಿಸಬೇಡಿ, ಇಳಿಸಿದರೆ ಎರಡನೇ ಬಣ್ಣ ಮೊದಲನೆಯದರ ಮೇಲೆ ಸರಿಯಾಗಿ ಕೂರಲ್ಲ.